ಅವಳ ಹೆಸರಿನಲ್ಲಿ ಹೋದ ಪತ್ರ

ಕಂತು ಏಳು

"ಯಾವ ಕೈಯಲ್ಲಿ ಬರ್ದೆ? ನನ್ ಗಂಡ ಕುಡುಕ ಅಂತ ಬರ್ದ ಕೈ ತೋರ್ಸು, ನೋಡೋವಾ!"

ಮುದ್ದಮ್ಮ ಸೈಬರ್ ಸೆಂಟರಿನ ಬಾಗಿಲಲ್ಲೇ ನಿಂತು ಕೂಗಿದಳು. ಒಳಗೆ ಕಂಪ್ಯೂಟರುಗಳ ಮುಂದೆ ಕೂತಿದ್ದವರೆಲ್ಲ ತಿರುಗಿ ನೋಡಿದರು. ಸಂಘಮಿತ್ರಾ ಒಬ್ಬಳು ತಿರುಗಲಿಲ್ಲ. ಅವಳು ಆರನೆಯ ಸಲ ಪಾಸ್‌ವರ್ಡ್ ಹೊಡೆಯುತ್ತಿದ್ದಳು. ಆರನೆಯ ಸಲವೂ ಪರದೆಯ ಮೇಲೆ ಅದೇ ಕೆಂಪು ಸಾಲು ಬಂತು. ಪಾಸ್‌ವರ್ಡ್ ತಪ್ಪು.

ಮುದ್ದಮ್ಮನ ಗಂಡ, ತಗಡೂರಿನ ಹುಚ್ಚಯ್ಯ, ಫ್ಯಾಕ್ಟರಿಯ ರಾಸಾಯನಿಕದ ತೊಟ್ಟಿಯೊಳಗೆ ಉಸಿರುಕಟ್ಟಿ ಸತ್ತು ಅವತ್ತಿಗೆ ಇಪ್ಪತ್ತೊಂಬತ್ತು ದಿನ. ಮುಖವಾಡ, ಹಗ್ಗ ಎರಡೂ ಇಲ್ಲದೆ ಅವನನ್ನು ತೊಟ್ಟಿಗಿಳಿಸಿದ್ದನ್ನು ಕಣ್ಣಾರೆ ಕಂಡವಳು ಅದೇ ಫ್ಯಾಕ್ಟರಿಯ ಲ್ಯಾಬಿನಲ್ಲಿ ಕೆಲಸ ಮಾಡುವ ಸಂಘಮಿತ್ರಾ ಒಬ್ಬಳೇ. ಆ ಮಾತನ್ನು ಅವಳು ಬರೆದೂ ಕೊಟ್ಟಿದ್ದಳು. ಸೋಮವಾರ ಮೈಸೂರಿನಲ್ಲಿ ವಿಚಾರಣೆ. ಇವತ್ತು ಗುರುವಾರ.

ಬೆಳಿಗ್ಗೆ ವಿಚಾರಣೆಯ ಕಚೇರಿಯಿಂದ ಮುದ್ದಮ್ಮನ ಕೈಗೆ ಒಂದು ಪ್ರತಿ ಬಂದಿತ್ತು. ಸಂಘಮಿತ್ರಾಳ ಇ-ಮೇಲಿನಿಂದ ಮಂಗಳವಾರ ಅಧಿಕಾರಿಗೆ ಹೋದ ಪತ್ರದ ಪ್ರತಿ. ಇಂಗ್ಲಿಷಿನಲ್ಲಿತ್ತು. ಅದನ್ನು ಕನ್ನಡದಲ್ಲಿ ಓದಿ ಹೇಳಿದವನು ಕೃಷ್ಣ.

"ಮೃತ ಹುಚ್ಚಯ್ಯನು ಆ ದಿನ ಕುಡಿದು ಕೆಲಸಕ್ಕೆ ಬಂದಿದ್ದು, ಯಾರು ಬೇಡವೆಂದರೂ ಕೇಳದೆ ತಾನಾಗಿಯೇ ತೊಟ್ಟಿಗೆ ಇಳಿದನು. ನಾನು ಮೊದಲು ಹೇಳಿದ್ದು ಸುಳ್ಳು."

ಕೃಷ್ಣ ನಂಜನಗೂಡಿನ ತಾಲ್ಲೂಕು ಕಚೇರಿಯ ಮುಂದೆ ಹೊಂಗೆ ಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಅರ್ಜಿ ಬರೆದುಕೊಡುವವನು. ಇಪ್ಪತ್ತು ವರ್ಷ ಊರಿನವರ ಕಾಗದ ಓದಿ ಓದಿ, ಕಾಗದ ಯಾವಾಗ ಸುಳ್ಳು ಹೇಳುತ್ತದೆ ಎಂದು ಅವನಿಗೆ ವಾಸನೆಯಲ್ಲೇ ತಿಳಿಯುತ್ತಿತ್ತು. ಅದಕ್ಕೇ ಜನ ಪೊಲೀಸರ ಹತ್ತಿರ ಹೋಗುವ ಮುಂಚೆ ಇವನ ಹತ್ತಿರ ಬರುತ್ತಿದ್ದರು. ಆದರೆ ಈ ಕಂಪ್ಯೂಟರಿನ ಕಾಗದಕ್ಕೆ ವಾಸನೆಯೇ ಇರಲಿಲ್ಲ. ಮುದ್ದಮ್ಮನ ಜೊತೆ ಅಳುಕಿನಿಂದಲೇ ಸೈಬರ್ ಸೆಂಟರಿಗೆ ಬಂದಿದ್ದ.

"ಮುದ್ದಕ್ಕ, ಇದನ್ನ ಇವಳು ಬರೆದಿಲ್ಲ," ಎಂದ.

"ಇವ್ಳ ಯೆಸ್ರೈತಲ್ಲ ಸಾ ಕೆಳ್ಗೆ! ನೀನೇ ಓದ್ದಲ್ಲ! ಮದ್ವೆ ಮನೇಲೂ ಒಂದ್ ತೊಟ್ಟು ಮುಟ್ದೋನಲ್ಲ ನನ್ ಗಂಡ. ಕಾಪಿನೂ ಕುಡೀತಿರ್ನಿಲ್ಲ. ಅಂಬ್ಲಿ ಕುಡ್ದು ಕೆಲ್ಸಕ್ ಓದೋನು ಕಣ್ ಸಾ ಅವತ್ತು. ಸತ್ತೋನ್ ಬಾಯಿಗೆ ಎಂಡ ಉಯ್ದವ್ಳಲ್ಲ ಇವ್ಳು!"

ಸಂಘಮಿತ್ರಾ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. ಇಪ್ಪತ್ತೈದು ವರ್ಷದ ಹುಡುಗಿ. ಮುಖ ಕೆಂಡವಾಗಿತ್ತು.

"ರವಿ, ಇದನ್ನ ಮುಚ್ಚು. ಈ ಅಕೌಂಟೇ ಬೇಡ ನನಗೆ. ಈಗಲೇ ಮುಚ್ಚು."

ಸೆಂಟರಿನ ಮಾಲೀಕ ರವಿ ತಲೆ ಕೆರೆದುಕೊಂಡ. "ಮುಚ್ಚೋಕೂ ಪಾಸ್‌ವರ್ಡ್ ಬೇಕು ಕಣಕ್ಕ. ಒಳಗೆ ಹೋಗಿಯೇ ಮುಚ್ಚಬೇಕು."

"ನನ್ನ ಅಕೌಂಟು, ನಾನು ಮುಚ್ಚು ಅಂತೀನಿ!"

"ನಿನ್ನ ಮನೇನೇ. ಆದ್ರೆ ಬೀಗದ ಕೈ ಕಳ್ಳನ ಹತ್ರ ಅದೆಯಲ್ಲ."

"ಮುಚ್ಚೋದು ಬೇಡ," ಎಂದ ಕೃಷ್ಣ.

ಅವಳು ಅವನ ಕಡೆ ತಿರುಗಿದಳು. "ಯಾಕೆ? ಇನ್ನೊಂದು ಪತ್ರ ಹೋಗ್ಲಿ ಅಂತಲಾ? ಗಂಟೆಗೊಂದು ಹೋಗ್ಲಿ, ನಾವು ಪ್ರಿಂಟ್ ತೆಗೆದು ಪೂಜೆ ಮಾಡೋಣ ಅಂತಲಾ ಕೃಷ್ಣಣ್ಣ?"

"ಮುಚ್ಚಿದರೆ ಒಳಗಿರೋದೆಲ್ಲ ಹೋಗುತ್ತೆ. ಯಾವಾಗ ಬೀಗ ಮುರಿದರು, ಯಾವಾಗ ಪತ್ರ ಹೋಯಿತು, ಎಲ್ಲ. ಸೋಮವಾರ ಬರೀ ಬಾಯಿ ಮಾತಲ್ಲಿ 'ನಾನಲ್ಲ' ಅಂದರೆ ಯಾರು ನಂಬ್ತಾರೆ?"

ಆ ಮಾತು ನಿಜವಾಗಿತ್ತು. ಬೆಳಿಗ್ಗೆ ಅವಳು ಕಚೇರಿಗೆ ಫೋನ್ ಮಾಡಿದಾಗ ಅಧಿಕಾರಿ ಬಂದಿರಲಿಲ್ಲ. ಗುಮಾಸ್ತ ಹೇಳಿದ್ದು ಇಷ್ಟೇ: "ನಿಮ್ಮ ವಿಳಾಸದಿಂದಲೇ ಬಂದಿದೆಯಲ್ಲಮ್ಮ. ಅಲ್ಲ ಅನ್ನೋದಾದ್ರೆ ದಾಖಲೆ ತನ್ನಿ."

ಅವಳು ಕುರ್ಚಿಯಲ್ಲಿ ಧೊಪ್ಪನೆ ಕೂತಳು. ರವಿ ಬಗ್ಗಿ, 'ಪಾಸ್‌ವರ್ಡ್ ಮರೆತಿದ್ದೀರಾ' ಎಂಬಲ್ಲಿ ಒತ್ತಿದ. ಫೋನಿನ ತಂತಿಯ ಮೇಲೆ ಬರುವ ಇಂಟರ್ನೆಟ್ಟು, ಪುಟ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಇಳಿಯಿತು. ಮೊದಲು ಹುಟ್ಟಿದ ದಿನ ಕೇಳಿತು. ಅದರ ಕೆಳಗೆ ಒಂದು ಪ್ರಶ್ನೆ: ನಿಮ್ಮ ಮೊದಲ ಶಾಲೆ ಯಾವುದು?

"ಶಾಲೆ ತಗಡೂರು ಅಂತ ಊರಿಗೆಲ್ಲ ಗೊತ್ತು," ಎಂದ ಕೃಷ್ಣ. "ಇದೊಂದು ಬಾಗಿಲೇ ಅಲ್ಲ."

"ಬೇರೆ ಪ್ರಶ್ನೆಗಳು ಇನ್ನೂ ಕಷ್ಟ ಸಾರ್," ಎಂದ ರವಿ. "ನಿಮ್ಮ ಮೊದಲ ಕಾರು ಯಾವುದು ಅಂತ ಕೇಳುತ್ತೆ. ನಮ್ಮ ತಾಲ್ಲೂಕಿನೋರು ಏನು ಬರೀಬೇಕು? ಸಾಕಿದ ಪ್ರಾಣಿ ಹೆಸರು ಕೇಳುತ್ತೆ. ಒಬ್ಬರು ಎಮ್ಮೆ ಅಂತ ಬರೆಸಿದ್ರು. ಅದಕ್ಕೇ ಬಂದೋರಿಗೆಲ್ಲ ನಾನು ಸ್ಕೂಲೇ ಹಾಕಿಕೊಡೋದು."

ಬಂದವರಿಗೆಲ್ಲ! ಕೃಷ್ಣನಿಗೆ ಅವನ ಕೆನ್ನೆಗೆ ಹೊಡೆಯಬೇಕೆನಿಸಿತು. ಊರಿನ ಅರ್ಧ ಜನರ ಬಾಗಿಲಿಗೆ ಒಂದೇ ಬೀಗ ಹಾಕಿ, ಅದನ್ನು ನಗುತ್ತಾ ಹೇಳುತ್ತಿದ್ದಾನೆ.

ಸಂಘಮಿತ್ರಾ ಹುಟ್ಟಿದ ದಿನ ಹೊಡೆದಳು. ಜೂನ್ ಒಂದು, 1978. ತಗಡೂರು ಎಂದು ಬರೆದಳು. ಪುಟ ಇಳಿಯಿತು.

ತಪ್ಪು.

"ನೋಡಿ! ನಾನು ಹುಟ್ಟಿದ ದಿನವನ್ನೂ ಬದಲಾಯಿಸಿದ್ದಾರೆ!" ಅವಳು ಮೇಜು ಗುದ್ದಿದಳು.

ಕೃಷ್ಣ ಆ ತಾರೀಖನ್ನೇ ನೋಡುತ್ತಿದ್ದ. ಜೂನ್ ಒಂದು. ಅವನ ಕೈಯಲ್ಲಿ ಹಾದುಹೋದ ಸಾವಿರಾರು ಅರ್ಜಿಗಳಲ್ಲಿ ಅರ್ಧಕ್ಕರ್ಧ ಜನ ಜೂನ್ ಒಂದಕ್ಕೇ ಹುಟ್ಟಿದ್ದರು. ಶಾಲೆ ಶುರುವಾಗುವ ದಿನ ಮಗುವನ್ನು ಕರೆತಂದು ನಿಲ್ಲಿಸಿದರೆ, ಮೇಷ್ಟ್ರು ಮಗುವಿನ ಎತ್ತರ ನೋಡಿ ವರ್ಷ ಅಂದಾಜು ಮಾಡಿ, ತಾರೀಖು ಜೂನ್ ಒಂದು ಎಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ಕೃಷ್ಣನದೂ ಜೂನ್ ಒಂದೇ.

"ಇದು ಮೇಷ್ಟ್ರು ಹಾಕಿದ ತಾರೀಖು," ಎಂದ. "ನೀನು ನಿಜವಾಗಿ ಹುಟ್ಟಿದ್ದು ಯಾವತ್ತು?"

ಅವಳು ಉತ್ತರ ಕೊಡುವ ಮೊದಲೇ ಬಾಗಿಲಿನಿಂದ ಮುದ್ದಮ್ಮ ಮಾತಾಡಿದಳು. ದನಿಯಲ್ಲಿ ಸಿಟ್ಟು ಹಾಗೇ ಇತ್ತು.

"ಅಕ್ಟೋಬರ್ ಅದಿನಾಕು. ಇವ್ರಪ್ಪ ಅವತ್ತು ನಮ್ ಬೀದೀಲಿ ಬುದ್ದನ್ ಪಟ ಕಟ್ಟಿ, ದೀಕ್ಷೆ ದಿನ ಮಾಡ್ತಿದ್ದ. ಒಳ್ಗೆ ಇವ್ಳವ್ವ ಒದ್ದಾಡ್ತಿದ್ಲು. ಒಕ್ಕುಳ್ ಬಳ್ಳಿ ಕೊಯ್ದೋಳು ನಾನು. ಈ ಕೈಯಲ್ಲೇ ಕೊಯ್ದೆ. ಇವತ್ತು ನನ್ ಕರುಳ್ನೇ ಕೊಯ್ದವ್ಳೆ!"

ಸಂಘಮಿತ್ರಾಳ ಬೆರಳು ಕೀಲಿಮಣೆಯ ಮೇಲೆ ನಿಂತುಹೋಯಿತು.

"ಹೌದು," ಎಂದಳು ಮೆಲ್ಲಗೆ. "ಅಕೌಂಟ್ ತೆಗೆದಾಗ ನಿಜವಾದ್ದನ್ನೇ ಹಾಕಿದ್ದೆ. ಮರೆತೇಬಿಟ್ಟಿದ್ದೆ. ಮಾರ್ಕ್ಸ್ ಕಾರ್ಡು, ರೇಷನ್ ಕಾರ್ಡು, ಫ್ಯಾಕ್ಟರಿ, ಎಲ್ಲ ಕಡೆ ಆ ಜೂನ್ ಒಂದೇ. ಒಂದು ಕಡೆಯಾದ್ರೂ ನಿಜ ಇರ್ಲಿ ಅನ್ನಿಸಿತ್ತು."

ಅಕ್ಟೋಬರ್ ಹದಿನಾಲ್ಕು ಹೊಡೆದಳು. ಬಾಗಿಲು ತೆರೆಯಿತು.

ಕೃಷ್ಣ ಅವಸರಪಡಲು ಬಿಡಲಿಲ್ಲ. ಮೊದಲು ಹೊಸ ಪಾಸ್‌ವರ್ಡ್. ಅವಳು ಹೊಡೆಯುವಾಗ ರವಿಯನ್ನು ಗೋಡೆ ಕಡೆ ತಿರುಗಿ ನಿಲ್ಲಿಸಿದ, ತಾನೂ ತಿರುಗಿ ನಿಂತ. ಆಮೇಲೆ ಆ ಶಾಲೆಯ ಪ್ರಶ್ನೆ ತೆಗೆಸಿ ಬೇರೆ ಹಾಕಿಸಿದ. ಇನ್ನೂ ಏನಾದರೂ ಬಿಟ್ಟೆನೋ ಎಂದು ಪುಟವನ್ನು ಎರಡು ಸಲ ಓದಿಸಿದ. ಎರಡನೆಯ ಸಲ ಸಿಕ್ಕಿತು. ಪಾಸ್‌ವರ್ಡ್ ಮರೆತರೆ ಸುದ್ದಿ ಕಳಿಸಲು ಇರುವ ಇನ್ನೊಂದು ವಿಳಾಸದ ಜಾಗದಲ್ಲಿ ಯಾರದೋ ವಿಳಾಸ ಇತ್ತು. ಬರೀ ಅಂಕಿಗಳು.

"ಇದು ನಂದಲ್ಲ," ಎಂದಳು ಸಂಘಮಿತ್ರಾ.

"ಹಿತ್ತಿಲ ಬಾಗಿಲು ಸಾರ್ ಇದು," ಎಂದ ರವಿ. ಈಗ ಅವನ ಮುಖದಲ್ಲಿ ನಗು ಇರಲಿಲ್ಲ. "ಇದನ್ನ ಬಿಟ್ಟಿದ್ರೆ ಸಾಯಂಕಾಲಕ್ಕೆ ಮತ್ತೆ ಒಳಗೆ ಬರ್ತಿದ್ರು."

"ಪ್ರಿಂಟ್ ತೆಗಿ. ಆಮೇಲೆ ಅಳಿಸು."

ಪ್ರಿಂಟರ್ ಕಿರ್ರೆಂದು ಎಳೆಯತೊಡಗಿತು. ಬಂದ ಪತ್ರಗಳಲ್ಲಿ ಮೇಲ್ ಕಂಪನಿಯದೇ ಒಂದು ಸೂಚನೆ ಬಿದ್ದಿತ್ತು: ಮಂಗಳವಾರ ಮಧ್ಯಾಹ್ನ 3.52ಕ್ಕೆ ನಿಮ್ಮ ಪಾಸ್‌ವರ್ಡ್ ಬದಲಾಗಿದೆ. ಹೋದ ಪತ್ರಗಳಲ್ಲಿ ಆ ಸುಳ್ಳು ಪತ್ರ. 4.10. ಆ ಹೊತ್ತಿನಲ್ಲಿ ಸಂಘಮಿತ್ರಾ ಲ್ಯಾಬಿನಲ್ಲಿದ್ದಳು. ಅದಕ್ಕೆ ಹಾಜರಿ ಪುಸ್ತಕವೇ ಸಾಕ್ಷಿ.

ಕೃಷ್ಣ ಮೂರು ಹಾಳೆಗಳನ್ನೂ ಕೈಯಲ್ಲಿ ಹಿಡಿದುಕೊಂಡ. ಗೋಡೆಯ ಗಡಿಯಾರದಲ್ಲಿ ಹನ್ನೊಂದೂವರೆ.

"ಫ್ಯಾಕ್ಟರಿಯ ದಾಖಲೆಯಲ್ಲಿ ನಿನ್ನ ಹುಟ್ಟಿದ ದಿನ ಜೂನ್ ಒಂದು," ಎಂದ ನಿಧಾನವಾಗಿ. "ಆಫೀಸಿನಿಂದ ಕದ್ದಿದ್ದರೆ ಅವರಿಗೂ 'ತಪ್ಪು' ಅಂತಲೇ ಬರ್ತಿತ್ತು. ಬೀಗ ಮುರಿದವರಿಗೆ ಅಕ್ಟೋಬರ್ ಹದಿನಾಲ್ಕು ಗೊತ್ತಿತ್ತು. ಯಾರು ಯಾರಿಗೆ ಗೊತ್ತು?"

"ಅಪ್ಪ ಅವ್ವ ಇಬ್ಬರೂ ಇಲ್ಲ. ಮುದ್ದಮ್ಮ ದೊಡ್ಡವ್ವ ಇಲ್ಲೇ ನಿಂತಿದ್ದಾಳೆ. ಅಕೌಂಟ್ ತೆಗೆದುಕೊಟ್ಟ ರವಿ."

"ನನ್ನನ್ಯಾಕಕ್ಕ ಎಳೀತೀಯ!" ಎಂದ ರವಿ. "ದಿನಕ್ಕೆ ಹತ್ತು ಜನಕ್ಕೆ ತೆಗೀತೀನಿ. ನನ್ನ ಹೆಂಡ್ತಿ ಹುಟ್ಟಿದ ದಿನವೇ ನನಗೆ ನೆನಪಿಲ್ಲ."

"ಮತ್ತೆ ಕವನ. ಆಫೀಸಿನಲ್ಲಿ ಟೈಪಿಸ್ಟು. ಹೋದ ವರ್ಷ ಆ ದಿನ ನನಗೆ ಒಂದು ಪೆನ್ನು ಕೊಟ್ಟಿದ್ದಳು."

"ನಿನ್ನ ಅಣ್ಣ ರಾಜೇಂದ್ರ?"

"ಅಣ್ಣನ ಹೆಸರು ಎತ್ತಬೇಡಿ." ದನಿ ಚಾಕುವಿನ ಹಾಗಿತ್ತು. "ನನ್ನ ಓದಿಗೋಸ್ಕರ ತನ್ನ ಓದು ಬಿಟ್ಟೋನು. ಆ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಅನ್ನೋದು ಬರೀ ಹೆಸರಿಗೆ, ಹತ್ತು ವರ್ಷದಿಂದ ಕಾಂಟ್ರಾಕ್ಟಿನಲ್ಲೇ ಸಾಯ್ತಿದ್ದಾನೆ."

ಕೃಷ್ಣ ಹಾಳೆಗಳತ್ತ ತಿರುಗಿದ. ಕೇಳಬೇಕಾದ್ದನ್ನು ಸಂಕೋಚಕ್ಕೆ ಕೇಳದೆ ಬಿಡುವುದು ಅವನ ಹಳೆಯ ದೋಷ.

ಅವನು ಸುಳ್ಳು ಪತ್ರವನ್ನು ಬೆಳಕಿಗೆ ಹಿಡಿದ. ಮೂರನೆಯ ಸಲ ಓದುವಾಗ ಏನೋ ಕಣ್ಣಿಗೆ ಚುಚ್ಚಿತು. ಹುಚ್ಚಯ್ಯ ಸತ್ತ ದಿನ 21-7-2004. ಹೊತ್ತು 11.40. ಆದರೆ ಆ ಒಂದುಗಳು ಒಂದರ ಹಾಗಿರಲಿಲ್ಲ. ಪತ್ರದ ಮೇಲೆ ಕಂಪ್ಯೂಟರ್ ತಾನೇ ಹಾಕಿದ ತಾರೀಖಿನಲ್ಲಿ ಒಂದಕ್ಕೆ ತಲೆಯ ಹತ್ತಿರ ಒಂದು ಪುಟ್ಟ ಕೊಕ್ಕು ಇತ್ತು. ಪತ್ರದೊಳಗಿನ ಒಂದುಗಳು ಬರೀ ಕಡ್ಡಿಗಳು.

"ರವಿ, ಈ ಪತ್ರದೊಳಗೆ ಒಂದು ಅನ್ನೋ ಅಂಕಿ ಎಷ್ಟಿದೆ ಅಂತ ಮೆಷಿನ್ನನ್ನೇ ಕೇಳೋಕಾಗುತ್ತಾ?"

ರವಿ ಪತ್ರದ ಬರಹವನ್ನು ಬೇರೆ ಪುಟಕ್ಕೆ ಅಂಟಿಸಿ ಹುಡುಕಲು ಕೊಟ್ಟ. ಒಂದೂ ಸಿಗಲಿಲ್ಲ.

"ಇಲ್ಲ ಅಂತದೆ ಸಾರ್! ಕಣ್ಮುಂದೆ ಕಾಣ್ತಾ ಅವೆ!"

"ಅವು ಒಂದಲ್ಲ. ಇಂಗ್ಲಿಷಿನ ಚಿಕ್ಕ ಎಲ್ ಅಕ್ಷರ. ಹಳೇ ಟೈಪ್‌ರೈಟರಿನಲ್ಲಿ ಒಂದಕ್ಕೆ ಬೇರೆ ಕೀ ಇರೋದಿಲ್ಲ. ಎಲ್ ಹೊಡೆದೇ ಒಂದು ಅನ್ನಬೇಕು. ಅದರಲ್ಲಿ ಕಲಿತ ಬೆರಳು ಕಂಪ್ಯೂಟರಿಗೆ ಬಂದರೂ ಅಲ್ಲಿಗೇ ಹೋಗುತ್ತೆ."

ಸಂಘಮಿತ್ರಾ ಅವನನ್ನೇ ನೋಡಿದಳು.

"ನಂಜನಗೂಡಿನಲ್ಲಿ ಹಾಗೆ ಹೊಡೆಯೋರು ಯಾರಿದ್ದಾರೆ ಕೃಷ್ಣಣ್ಣ?"

ಮುಚ್ಚಿಡಬಹುದಿತ್ತು. ಅವನಿಂದ ಆಗಲಿಲ್ಲ.

"ನಾನು. ಮತ್ತೆ ನನ್ನ ಮೆಷಿನ್ನಿನಲ್ಲಿ ನಾನು ಕಲಿಸಿದವರು. ಅವರಲ್ಲಿ ನಿಮ್ಮ ಫ್ಯಾಕ್ಟರಿಯಲ್ಲಿರೋದು ಒಬ್ಬಳೇ. ಆ ಕೆಲಸಕ್ಕೆ ಕವನಳನ್ನ ಸೇರಿಸಿದ್ದೇ ನಾನು."

ಕವನ ಹೊಟ್ಟೆನೋವೆಂದು ಹೇಳಿ ಮಂಗಳವಾರದಿಂದ ರಜೆಯಲ್ಲಿದ್ದಳು. ಅವಳ ಗಂಡನ ಮನೆ ಟಿ. ನರಸೀಪುರ.

"ನಾನೂ ಬತ್ತೀನಿ," ಎಂದಳು ಮುದ್ದಮ್ಮ. ಯಾರೂ ಬೇಡ ಎನ್ನಲಿಲ್ಲ.

* * *

ನರಸೀಪುರದ ಬಸ್ಸಿನಲ್ಲಿ ಮೂವರಿಗೂ ಒಂದೇ ಸೀಟು ಸಿಕ್ಕಿತು. ಮುದ್ದಮ್ಮ ಕಿಟಕಿಯ ಪಕ್ಕ, ಸಂಘಮಿತ್ರಾ ನಡುವೆ. ಇಬ್ಬರ ತೋಳೂ ತಾಗದ ಹಾಗೆ ಇಬ್ಬರೂ ಮುದುಡಿ ಕೂತಿದ್ದರು. ಗದ್ದೆಗಳು ಹಿಂದಕ್ಕೆ ಹೋಗುತ್ತಿದ್ದವು.

ಅಕೌಂಟ್ ಮುಚ್ಚದೆ ತಪ್ಪು ಮಾಡಿದೆನೇ ಎಂದು ಕೃಷ್ಣ ದಾರಿಯುದ್ದಕ್ಕೂ ಯೋಚಿಸಿದ. ಇನ್ನೂ ಒಂದು ಹಿತ್ತಿಲ ಬಾಗಿಲು ಇದ್ದರೆ? ತನ್ನ ಕಣ್ಣಿಗೆ ಬೀಳದ್ದು ಇದ್ದರೆ? ಕಂಪ್ಯೂಟರ್ ತರಗತಿಗೆ ಸಂಜೆ ಹೊತ್ತು ಮೂರು ತಿಂಗಳು ಹೋಗಿದ್ದಷ್ಟೇ ಅವನ ಬಂಡವಾಳ. ಅದರಲ್ಲೂ ಕರೆಂಟು ಹೋಗಿ ಅರ್ಧ ಪಾಠ ಕತ್ತಲಲ್ಲಿ ನಡೆದಿತ್ತು.

ಕವನಳ ಮನೆಯ ಮುಂದೆ ಅವಳ ಅತ್ತೆ ರುದ್ರಮ್ಮ ಮೊರದಲ್ಲಿ ಹುರುಳಿ ಕೇರುತ್ತಿದ್ದಳು.

"ಬನ್ನಿ ಮೇಷ್ಟ್ರೇ, ಏನ್ ಅಪ್ರೂಪ! ಕವನಾ, ನಿಮ್ ಟೈಪಿಂಗ್ ಮೇಷ್ಟ್ರು ಬಂದವ್ರೆ, ನೀರು ತಕಬಾ!"

ಕವನ ಚೊಂಬು ಹಿಡಿದು ಹೊರಗೆ ಬಂದಳು. ಮೊದಲು ಕೃಷ್ಣನನ್ನು ನೋಡಿದಳು. ಆಮೇಲೆ ಸಂಘಮಿತ್ರಾಳನ್ನು. ಕೊನೆಗೆ ಮುದ್ದಮ್ಮನನ್ನು ಕಂಡು ಚೊಂಬನ್ನು ಯಾರಿಗೂ ಕೊಡದೆ ಜಗಲಿಯ ಮೇಲಿಟ್ಟಳು.

"ಹೊಟ್ಟೆನೋವು ಹೇಗಿದೆ?" ಎಂದಳು ಸಂಘಮಿತ್ರಾ.

"ವಾಸಿ."

"ನನಗಿನ್ನೂ ಉರೀತಿದೆ."

ಕೃಷ್ಣ ಜಗಲಿಯ ಮೇಲೆ ಹಾಳೆಯನ್ನು ಬಿಡಿಸಿಟ್ಟ. ಬಸ್ಸಿನಲ್ಲಿ ಹತ್ತು ಬಗೆಯ ಪ್ರಶ್ನೆ ಜೋಡಿಸಿಕೊಂಡಿದ್ದ. ಒಂದೂ ನೆನಪಿಗೆ ಬರಲಿಲ್ಲ. ಬೆರಳಿಟ್ಟು ತೋರಿಸಿದ.

"ಈ ಒಂದುಗಳಿಗೆ ಕೊಕ್ಕಿಲ್ಲ ಕವನ."

ಅವಳು ಬಗ್ಗಿ ನೋಡಿದಳು. ಆಮೇಲೆ ನಕ್ಕಳು. ಸಿಟ್ಟಿನ ನಗು.

"ನಿಮ್ಮ ಮೆಷಿನ್ನಿನಲ್ಲಿ ಒಂದರ ಕೀ ಇರ್ಲಿಲ್ವಲ್ಲ ಸಾರ್."

"ಅಂದರೆ ಹೊಡೆದದ್ದು ನೀನೇ."

"ಹೊಡೆದೆ. ಕೊಟ್ಟಿದ್ದನ್ನ ಹೊಡೆದೆ. ಮೊದಲನೇ ದಿನ ಏನು ಹೇಳಿಕೊಟ್ರಿ ನೀವು? ಟೈಪಿಸ್ಟಿಗೆ ಹತ್ತು ಬೆರಳು, ಬಾಯಿಲ್ಲ. ಮ್ಯಾಟರ್ ಯಾರದು ಅಂತ ಕೇಳಬೇಡ, ತಪ್ಪಿಲ್ಲದೆ ಹೊಡಿ. ಹೇಳಿದ್ರೋ ಇಲ್ವೋ?"

ಹೇಳಿದ್ದ. ಪ್ರತಿ ಹೊಸ ತಂಡಕ್ಕೂ, ಪ್ರತಿ ವರ್ಷವೂ, ಹೆಮ್ಮೆಯಿಂದ ಹೇಳಿದ್ದ. ಕೃಷ್ಣನ ಕಿವಿ ಬಿಸಿಯಾಯಿತು. ಸಿಟ್ಟು ಬಂದದ್ದು ಅವಳ ಮೇಲೋ ತನ್ನ ಮೇಲೋ ತಿಳಿಯಲಿಲ್ಲ.

"ಬೇರೆಯವರ ಹೆಸರಲ್ಲಿ ಹೊಡಿ ಅಂತ ಹೇಳಿರಲಿಲ್ಲ ನಾನು!"

"ಕೂಗಬೇಡಿ ಸಾರ್, ಇದು ನಮ್ಮತ್ತೆ ಮನೆ."

ಮುದ್ದಮ್ಮ ಅಲ್ಲಿಯವರೆಗೆ ಬೀದಿಯಲ್ಲೇ ನಿಂತಿದ್ದಳು. ಈಗ ಜಗಲಿಯ ಹತ್ತಿರ ಬಂದಳು. ಬೆಳಿಗ್ಗೆಯಿಂದ ಕೂಗಿದ ಗಂಟಲು ಬಿದ್ದುಹೋಗಿತ್ತು.

"ನನ್ ಗಂಡ ನಿಂಗೇನ್ ಮಾಡಿದ್ದ ಮಗಾ?"

ಕವನ ಮುಖ ತಿರುಗಿಸಿದಳು.

"ಯೇಳು. ಬೈದಿದ್ನಾ? ಅಡ್ಡ ಬಂದಿದ್ನಾ?"

"ಇಲ್ಲ."

"ಮತ್ತೆ ಕುಡುಕ ಅಂತ ಯೆಂಗೆ ಒಡ್ದೆ?"

"ಸಾಯಂಕಾಲ ಗೇಟಲ್ಲಿ ಮಾತಾಡಿಸ್ತಿದ್ರು," ಎಂದಳು ಕವನ. "ನರಸೀಪುರದ ಬಸ್ಸು ಹೋಯ್ತು ಕಣವ್ವ, ಓಡು ಅನ್ನೋರು. ಅಷ್ಟೇ ನನಗೆ ಗೊತ್ತಿರೋದು."

ರುದ್ರಮ್ಮನ ಮೊರ ನಿಂತುಹೋಗಿತ್ತು. "ಏನೇ ಇದು? ಏನ್ ಮಾಡ್ಕಂಡಿದ್ದೀಯ ನೀನು?"

"ಸುಮ್ನಿರಿ ಅತ್ತೆ."

ಸಂಘಮಿತ್ರಾ ಮುಂದೆ ಬಂದು ಅವಳ ರಟ್ಟೆ ಹಿಡಿದಳು. "ನನ್ನ ಹುಟ್ಟಿದ ದಿನ ನಿನಗೆ ಹೇಳಿದ್ದು ಗೆಳತಿ ಅಂತ. ಅದೇ ಬೀಗದ ಕೈ ಮಾಡ್ಕೊಂಡ್ಯಾ? ಪೆನ್ನು ಕೊಟ್ಟ ಕೈಯಲ್ಲೇ?"

ಕವನ ಕೈ ಕೊಡವಿಕೊಂಡಳು. ಈಗ ಅವಳ ಕಣ್ಣಲ್ಲೂ ಬೆಂಕಿ ಇತ್ತು.

"ಕೇಳು. ಪತ್ರ ಹೊಡೆದದ್ದು ನಾನು. ಬೀಗ ತೆಗೆದದ್ದು ನಾನಲ್ಲ. ಮಂಗಳವಾರ ಇಲ್ಲಿ ಬಸ್ ಸ್ಟ್ಯಾಂಡ್ ಎದುರಿನ ಸೈಬರಿಗೆ ಬಾ, ಒಂದು ಇಂಗ್ಲಿಷ್ ಲೆಟರ್ ಇದೆ ಅಂದ್ರು, ಹೋದೆ. ನಾನು ಕೂರೋ ಹೊತ್ತಿಗೆ ನಿನ್ನ ಅಕೌಂಟ್ ತೆರೆದಿತ್ತು. ತಾರೀಖು ಹೇಗೆ ಸಿಕ್ತು ಅಂತ ನಾನೂ ಕೇಳಿದೆ."

"ಏನಂದರು?" ಎಂದ ಕೃಷ್ಣ.

"ಅವತ್ತು ಬಾಗಿಲಲ್ಲಿ ಕಂದೀಲು ಹಿಡ್ಕೊಂಡು ನಿಂತಿದ್ದೋನು ನಾನೇ, ನನಗೆ ಗೊತ್ತಿಲ್ದೆ ಇರುತ್ತಾ, ಅಂದ."

ಮುದ್ದಮ್ಮ ಜಗಲಿಯ ಕಂಬ ಹಿಡಿದುಕೊಂಡಳು. ಆ ರಾತ್ರಿ ಕಂದೀಲು ಹಿಡಿದಿದ್ದವನು ಯಾರೆಂದು ಅವಳಿಗೆ ಗೊತ್ತಿತ್ತು.

"ಸುಳ್ಳು," ಎಂದಳು ಸಂಘಮಿತ್ರಾ.

"ನನ್ನ ಮೇಲೆ ಕೂಗಾಡೋಕೆ ಬಸ್ ಹತ್ತಿ ಬಂದೆ. ಅವನ ಮೇಲೆ ಕೂಗಾಡೋಕೆ ಬಸ್ಸೇ ಬೇಕಿಲ್ಲ. ನಿಮ್ಮ ಮನೆ ಒಳಗೇ ಇದ್ದಾನೆ."

ಪಟ್ಟನೆ ಹೊಡೆತ ಬಿತ್ತು. ಕವನ ಕೆನ್ನೆ ಮುಟ್ಟಿಕೊಳ್ಳಲಿಲ್ಲ.

"ಹೊಡಿ. ಆದ್ರೆ ಸೋಮವಾರ ಈ ಮಾತು ಹೇಳು ಅಂತ ಮಾತ್ರ ಕರೀಬೇಡ. ನಿನ್ನ ಅಣ್ಣ ಪರ್ಮನೆಂಟ್ ಆಗ್ತಾನೆ. ನಾನು ಬಾಯಿ ಬಿಟ್ರೆ ಬೀದಿಗೆ ಬೀಳ್ತೀನಿ."

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

* * *

ಬಸ್ ಸ್ಟ್ಯಾಂಡಿನವರೆಗೂ ಸಂಘಮಿತ್ರಾ ಎಷ್ಟು ಬೇಗ ನಡೆದಳೆಂದರೆ ಕೃಷ್ಣ ಓಡಬೇಕಾಯಿತು. ಮುದ್ದಮ್ಮ ಹಿಂದೆ ಉಳಿದಳು. ಸಂಘಮಿತ್ರಾ ಅರ್ಧ ದಾರಿಯಲ್ಲಿ ನಿಂತು, ಹಿಂದಿರುಗಿ ಬಂದು, ಆ ಮುದುಕಿಯ ಕೈ ಹಿಡಿದುಕೊಂಡಳು. ಮುದ್ದಮ್ಮ ಬಿಡಿಸಿಕೊಳ್ಳಲಿಲ್ಲ.

"ನಾನೀಗ ಆ ಅಕೌಂಟ್ ಮುಚ್ತೀನಿ," ಎಂದಳು. "ಕಾಗದ ನಿಮ್ಮ ಹತ್ರ ಇದೆ. ನೀವು ತಡೀಬೇಡಿ ಕೃಷ್ಣಣ್ಣ. ಅದರೊಳಗೆ ಅವನ ಕೈ ಆಡಿದೆ. ಅದು ನನಗೆ ಬೇಡ."

ಕೃಷ್ಣ ತಡೆಯಲಿಲ್ಲ. ಪ್ರಿಂಟುಗಳು ಇದ್ದವು. ಅವಳಿಂದ ಇನ್ನೂ ಏನನ್ನು ಕಸಿದುಕೊಳ್ಳುವುದು ಎನಿಸಿತು.

ಬಸ್ ಸ್ಟ್ಯಾಂಡ್ ಎದುರಿನ ಅಂಗಡಿಯಲ್ಲಿ ಒಂದು ಕಡೆ ಎಸ್‌ಟಿಡಿ ಫೋನು, ಇನ್ನೊಂದು ಕಡೆ ಎರಡು ಕಂಪ್ಯೂಟರು. ಕವನ ಹೇಳಿದ್ದ ಜಾಗ ಇದೇ. ಸಂಘಮಿತ್ರಾ ಹೊಸ ಪಾಸ್‌ವರ್ಡ್ ಹೊಡೆದಳು. ಒಳಗೆ ಹೋಯಿತು. ಕೃಷ್ಣ ಉಸಿರು ಬಿಟ್ಟ. ಬೀಗ ಭದ್ರವಾಗಿತ್ತು.

ಅಕೌಂಟ್ ಮುಚ್ಚುವ ಪುಟ ಹುಡುಕಲು ಅವಳು ಕೈಯಿಟ್ಟಳು. ಕೈ ನಿಂತಿತು.

ಹೊಸ ಪತ್ರ ಒಂದು ಬಂದಿತ್ತು. ವಿಚಾರಣಾಧಿಕಾರಿಯಿಂದ. ಕಳಿಸಿದ ಹೊತ್ತು, ಮಧ್ಯಾಹ್ನ 12.20.

ಅವಳು ಓದಿದಳು. ಇನ್ನೊಮ್ಮೆ ಓದಿದಳು. "ಕೃಷ್ಣಣ್ಣ, ನೀವು ಓದಿ. ನನಗೆ ಅರ್ಥ ಆಗ್ತಿಲ್ಲ," ಎಂದಳು. ಬಿ.ಎಸ್ಸಿ. ಓದಿದ ಹುಡುಗಿ.

ಕೃಷ್ಣ ಮುದ್ದಮ್ಮನಿಗೂ ಕೇಳಿಸುವಂತೆ ಕನ್ನಡದಲ್ಲಿ ಓದಿದ.

"ಬೇಗನೆ ಹೇಳಿಕೆ ಪಡೆಯಬೇಕೆಂದು ತಾವು ನಿನ್ನೆ ಕಳಿಸಿದ ಪತ್ರದ ಮೇರೆಗೆ, ಈ ದಿನ ಬೆಳಿಗ್ಗೆ ಹನ್ನೊಂದೂವರೆಗೆ ತಾವು ಈ ಕಚೇರಿಗೆ ಖುದ್ದಾಗಿ ಹಾಜರಾಗಿ ನೀಡಿದ ಹೇಳಿಕೆಯನ್ನು ದಾಖಲಿಸಿಕೊಳ್ಳಲಾಗಿದೆ. ತಮ್ಮನ್ನು ತಮ್ಮ ಅಣ್ಣ ರಾಜೇಂದ್ರ ಅವರು ಗುರುತಿಸಿರುತ್ತಾರೆ. ಬಲಗೈಗೆ ಪೆಟ್ಟಾಗಿ ಸಹಿ ಮಾಡಲಾಗುವುದಿಲ್ಲವೆಂದು ತಾವು ತಿಳಿಸಿದ್ದರಿಂದ ಎಡಗೈ ಹೆಬ್ಬೆಟ್ಟಿನ ಗುರುತು ಪಡೆಯಲಾಗಿದೆ. ಸೋಮವಾರದ ವಿಚಾರಣೆಗೆ ತಾವು ಬರುವ ಅಗತ್ಯವಿರುವುದಿಲ್ಲ."

ನಿನ್ನೆಯ ಪತ್ರ! ಅದನ್ನು ಕಳಿಸಿ, ಅಳಿಸಿಯೂ ಬಿಟ್ಟಿದ್ದರು. ಬೀಗ ಬದಲಾಯಿಸುತ್ತಾ ತಾನು ರವಿಯ ಅಂಗಡಿಯಲ್ಲಿ ನಿಂತಿದ್ದ ಹೊತ್ತಿಗೇ, ಮೈಸೂರಿನಲ್ಲಿ ಯಾವಳೋ ಒಬ್ಬಳು ಸಂಘಮಿತ್ರಾ ಆಗಿ ಕೂತು ಹೆಬ್ಬೆಟ್ಟು ಒತ್ತುತ್ತಿದ್ದಳು. ಕೃಷ್ಣನಿಗೆ ತನ್ನ ಕೈಯಲ್ಲಿದ್ದ ಮೂರು ಹಾಳೆಗಳು ಹಳೇ ಪೇಪರಿನ ಹಾಗೆ ಕಂಡವು.

"ಹೆಬ್ಬೆಟ್ಟು," ಎಂದಳು ಸಂಘಮಿತ್ರಾ. ಹಲ್ಲು ಕಚ್ಚಿ ಹೇಳಿದಳು. "ನಮ್ಮ ಬೀದಿಯಲ್ಲಿ ಹೆಣ್ಣುಮಕ್ಕಳ ಪೈಕಿ ಮೊದಲು ಸಹಿ ಹಾಕಿದೋಳು ನಾನು. ಅವನೇ ಸ್ಲೇಟು ಹಿಡಿದು ಕಲಿಸಿದ್ದು. ಅವನೇ ನಿಂತುಕೊಂಡು ನನ್ನ ಹೆಸರಿಗೆ ಹೆಬ್ಬೆಟ್ಟು ಹಾಕಿಸಿದ್ದಾನೆ."

"ಅವಸರ ಬೇಡ. ಮೊದಲು ಮೈಸೂರಿಗೆ—"

ಅವಳು ಆಗಲೇ ಎದ್ದು ಎಸ್‌ಟಿಡಿ ಫೋನು ಎತ್ತಿಕೊಂಡಿದ್ದಳು. ಹೋದ ತಿಂಗಳಷ್ಟೇ ಫ್ಯಾಕ್ಟರಿಯವರು ರಾಜೇಂದ್ರನಿಗೆ ಒಂದು ಮೊಬೈಲ್ ಕೊಟ್ಟಿದ್ದರು. ಅಷ್ಟೂ ಅಂಕಿಗಳನ್ನು ಬೆರಳಿನಿಂದ ಚುಚ್ಚಿದಳು. ಮುದ್ದಮ್ಮ ಅವಳ ಪಕ್ಕ ಬಂದು ನಿಂತಳು. ಫೋನಿನ ದನಿ ಅಂಗಡಿಗೆಲ್ಲ ಕೇಳುವಷ್ಟು ಜೋರಾಗಿತ್ತು.

"ಹಲೋ, ಯಾರು?"

"ಅಣ್ಣಾ, ನಾನು. ಸಂಘಮಿತ್ರಾ."

ಯಾರೋ ದೊಡ್ಡವರ ಮುಂದೆ ಕೂತಿರುವವನ ಹಾಗೆ, ರಾಜೇಂದ್ರ ತುಂಬಾ ಮರ್ಯಾದೆಯಿಂದ ಮಾತಾಡಿದ.

"ಯಾವ ಸಂಘಮಿತ್ರಾನಮ್ಮ? ನನ್ನ ತಂಗಿ ಇಲ್ಲೇ, ನನ್ನ ಪಕ್ಕದಲ್ಲೇ ಕೂತಿದ್ದಾಳಲ್ಲ."